ರ‍್ಯಾಪರ್ಸ್ ಡಿಲೈಟ್: ಪಿಜ್ಜಾ ಅಂಗಡಿಯಿಂದ ಹೊರಟ ತಮಾಷೆ ಹಾಡು, ಅದು ಮಾಡಿದ ವ್ಯಾಪಾರ

ಮದುವೆ ಮನೆಯ ಡಿಜೆಯಿಂದ ಹಿಡಿದು ಸಿನಿಮಾ ಹಾಡಿನ ನಡುವೆ ದಿಢೀರನೆ ನುಗ್ಗುವ ಪಟಪಟ ಮಾತಿನ ತನಕ, ರ‍್ಯಾಪ್ ಎಂಬ ಪದ ಈಗ ಯಾರಿಗೂ ಹೊಸದಲ್ಲ. ಹಾಡಿನ ಹಾಗೆ ರಾಗ ಎಳೆಯದೆ, ಮಾತಿನ ಹಾಗೆ ಸಡಿಲ ಬಿಡದೆ, ತಾಳಕ್ಕೆ ಸರಿಯಾಗಿ ಪ್ರಾಸ ಕೂಡಿಸಿಕೊಂಡು ಹೇಳುತ್ತ ಹೋಗುವುದೇ ರ‍್ಯಾಪ್. ಇದು ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್ ನಗರದ ಬಡ ಬೀದಿಗಳಲ್ಲಿ. ಬೀದಿಯಲ್ಲಿದ್ದ ಈ ಆಟವನ್ನು ಅಂಗಡಿಯಲ್ಲಿ ಮಾರಬಹುದು ಎಂದು ಲೋಕಕ್ಕೆ ತೋರಿಸಿಕೊಟ್ಟ ಹಾಡೇ ‘ರ‍್ಯಾಪರ್ಸ್ ಡಿಲೈಟ್’.

ಶುಗರ್‌ಹಿಲ್ ಗ್ಯಾಂಗ್ ಎಂಬ ಮೂವರು ಹುಡುಗರ ತಂಡ ಹೇಳಿದ ಈ ಹಾಡು ಮಾರುಕಟ್ಟೆಗೆ ಬಂದದ್ದು 1979ರ ಸೆಪ್ಟೆಂಬರ್‌ನಲ್ಲಿ. ಹೆಸರಿನ ಅರ್ಥ, ರ‍್ಯಾಪ್ ಹೇಳುವವನ ಖುಷಿ ಎಂದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ನೂರು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ನಲವತ್ತರ ಒಳಗೆ ಸೇರಿದ ಮೊಟ್ಟಮೊದಲ ರ‍್ಯಾಪ್ ಹಾಡು ಇದು. ಇದಕ್ಕೂ ಮುಂಚೆ ರ‍್ಯಾಪ್ ಧ್ವನಿಮುದ್ರಣವೇ ಇರಲಿಲ್ಲ ಎಂದು ಅನೇಕರು ಬರೆಯುತ್ತಾರೆ. ಅದು ಸರಿಯಲ್ಲ. ಅದೇ ವರ್ಷ ಫ್ಯಾಟ್‌ಬ್ಯಾಕ್ ಬ್ಯಾಂಡ್ ಎಂಬ ತಂಡದ ‘ಕಿಂಗ್ ಟಿಮ್ ದಿ ಥರ್ಡ್’ ಇದಕ್ಕಿಂತ ತುಸು ಮೊದಲೇ ಬಂದಿತ್ತು. ಆದರೆ ಮನೆಮನೆಗೆ ಹೋದದ್ದು ಶುಗರ್‌ಹಿಲ್ ಹುಡುಗರ ಹಾಡು.

ಈ ಹಾಡಿನ ಕತೆಯಲ್ಲಿ ನಗುವಷ್ಟು ಸಂಗತಿ ಇದೆ, ಹೊಟ್ಟೆ ಉರಿಯುವಷ್ಟೂ ಇದೆ. ಏಕೆಂದರೆ ಇದರ ಮಟ್ಟು ಬೇರೆಯವರದು, ಮಾತುಗಳಲ್ಲಿ ದೊಡ್ಡ ಪಾಲು ಇನ್ನೊಬ್ಬನದು. ಮಟ್ಟಿನ ಮಾಲೀಕರಿಗೆ ದುಡ್ಡೂ ಹೆಸರೂ ಸಿಕ್ಕಿತು. ಮಾತಿನ ಮಾಲೀಕನಿಗೆ ಎರಡೂ ಸಿಗಲಿಲ್ಲ.

ಹಾಡಿನಲ್ಲಿ ಏನಿದೆ?

ಗಂಭೀರವಾದದ್ದು ಏನೂ ಇಲ್ಲ. ಮೂವರು ಸರದಿಯ ಮೇಲೆ ಮೈಕು ಹಿಡಿದು ಜಂಬ ಕೊಚ್ಚುತ್ತಾರೆ. ಒಬ್ಬ ತನ್ನ ಬಳಿ ಬಾಕ್ಸರ್ ಮುಹಮ್ಮದ್ ಅಲಿಗಿಂತ ಹೆಚ್ಚು ಬಟ್ಟೆ ಇದೆ ಎನ್ನುತ್ತಾನೆ, ಕಾರುಗಳ ಲೆಕ್ಕ ಕೊಡುತ್ತಾನೆ, ಬಾಸ್ಕೆಟ್‌ಬಾಲ್ ನೋಡಲು ಕಲರ್ ಟಿವಿ ಇದೆ ಎಂದು ಬೀಗುತ್ತಾನೆ. ಅವನೇ ಮುಂದೆ ಸೂಪರ್‌ಮ್ಯಾನ್‌ನ ಪ್ರೇಯಸಿ ಲೋಯಿಸ್ ಲೇನ್‌ಳನ್ನು ಕಂಡು, ಹೆಂಗಸರ ಉದ್ದ ಕಾಲುಚೀಲದಂಥದ್ದು ಹಾಕಿಕೊಂಡು ಹಾರಾಡುವ ಆ ಮನುಷ್ಯನ ಹಿಂದೆ ಯಾಕೆ ಹೋಗುತ್ತೀ ಎಂದು ರೇಗಿಸುತ್ತಾನೆ.

ಎಲ್ಲಕ್ಕಿಂತ ಹೆಸರಾದದ್ದು ಊಟದ ಪ್ರಸಂಗ. ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೀರಿ, ಅಡುಗೆ ಬಾಯಿಗಿಡಲು ಆಗುತ್ತಿಲ್ಲ. ಶಾವಿಗೆಯಂಥ ಮ್ಯಾಕರೋನಿ ನೀರುನೀರು, ಬಟಾಣಿ ಮುದ್ದೆಮುದ್ದೆ, ಕೋಳಿ ತಿಂದರೆ ಕಟ್ಟಿಗೆ ಜಗಿದ ಹಾಗೆ. ಚೆನ್ನಾಗಿಲ್ಲ ಎನ್ನುವಂತಿಲ್ಲ, ಎದ್ದು ಬರುವಂತೆಯೂ ಇಲ್ಲ. ಕಡೆಗೆ ಹೊಟ್ಟೆ ಕೆಟ್ಟು ಔಷಧಿ ಅಂಗಡಿಗೆ ಓಟ. ಇದಿಷ್ಟನ್ನು ಆ ಹುಡುಗ ಒಂದೇ ಉಸಿರಿನಲ್ಲಿ, ನಗು ತಡೆದುಕೊಂಡವನ ಹಾಗೆ ಹೇಳಿ ಮುಗಿಸುತ್ತಾನೆ. ನೆಂಟರ ಮನೆಯಲ್ಲಿ ಇಂಥ ಫಜೀತಿ ಪಡದವರು ಯಾವ ದೇಶದಲ್ಲಿದ್ದಾರೆ ಹೇಳಿ. ಹಾಡು ಗೆದ್ದದ್ದಕ್ಕೆ ಅದರ ತಾಳ ಎಷ್ಟು ಕಾರಣವೋ ಇಂಥ ಪ್ರಸಂಗಗಳೂ ಅಷ್ಟೇ ಕಾರಣ ಎಂಬುದು ಈ ಲೇಖಕನ ಅನಿಸಿಕೆ.

ಹಾಡಿನ ಉದ್ದ ಕೇಳಿದರೆ ಬೆರಗಾಗುತ್ತೀರಿ: 14 ನಿಮಿಷ 35 ಸೆಕೆಂಡು. ಆ ಕಾಲದ ರೇಡಿಯೋ ಹಾಡುಗಳು ಮೂರು, ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದವು. ಇಷ್ಟುದ್ದದ ಹಾಡು ಸಾಮಾನ್ಯ 7 ಅಂಗುಲದ ಪ್ಲೇಟಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ 12 ಅಂಗುಲದ ದೊಡ್ಡ ಪ್ಲೇಟಿನಲ್ಲಿ ಇದನ್ನು ಹೊರತಂದರು. ಒಂದೇ ಹಾಡಿಗಾಗಿ ಇಷ್ಟು ದೊಡ್ಡ ಪ್ಲೇಟು ಮಾಡಿ ಅಂಗಡಿಯಲ್ಲಿ ಮಾರುವ ಪದ್ಧತಿ ಆಗಿನ್ನೂ ಮೂರು ವರ್ಷದ್ದು. 1976ರಲ್ಲಿ ಡಬಲ್ ಎಕ್ಸ್‌ಪೋಶರ್ ತಂಡದ ‘ಟೆನ್ ಪರ್ಸೆಂಟ್’ ಹಾಡಿನಿಂದ ಶುರುವಾಗಿತ್ತು. ದೊಡ್ಡ ಪ್ಲೇಟಿನಲ್ಲಿ ಗೆರೆಗಳ ನಡುವೆ ಜಾಗ ಹೆಚ್ಚು. ಆದ್ದರಿಂದ ಕೆಳದನಿಯ ಬೇಸ್ ಗಿಟಾರು, ಡ್ರಮ್ಮು ಗಟ್ಟಿಯಾಗಿ, ಒಡೆಯದೆ ಕೇಳುತ್ತದೆ. ಕುಣಿಯುವವರಿಗೆ ಬೇಕಾದದ್ದೂ ಅದೇ.

ಬೀದಿಯ ಆಟ

ಹಿಪ್ ಹಾಪ್ ಎಂಬ ಈ ಇಡೀ ಸಂಸ್ಕೃತಿಗೆ ಒಂದು ಹುಟ್ಟುಹಬ್ಬ ಕೂಡ ಇದೆ. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಭಾಗದಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಬಾಡಿಗೆ ಮನೆಗಳ ಕಟ್ಟಡ. ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗ ಕೂಲ್ ಹರ್ಕ್, ಅಕ್ಕತಂಗಿಯರಲ್ಲಿ ಒಬ್ಬಳಾದ ಸಿಂಡಿ ಏರ್ಪಡಿಸಿದ ಕೂಟಕ್ಕೆ ಪ್ಲೇಟು ಹಾಕಿದ. ಹಾಡಿನಲ್ಲಿ ಬರೀ ಡ್ರಮ್ಮು ಬರುವ ತುಣುಕಿಗೆ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ಪ್ಲೇಟುಗಳನ್ನು ಎರಡು ಯಂತ್ರಗಳಲ್ಲಿ ಇಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರುಮಾಡಿ, ಎಷ್ಟು ಹೊತ್ತು ಬೇಕಾದರೂ ಎಳೆಯುವ ಉಪಾಯ ಅವನಿಂದ ಹರಡಿತು.

ಆ ತಾಳದ ಮೇಲೆ ಮೈಕು ಹಿಡಿದು ಜನರನ್ನು ಹುರಿದುಂಬಿಸುವವನಿಗೆ ಎಂ.ಸಿ. ಎಂದು ಹೆಸರು. ಮೊದಮೊದಲು ಬಂದವರ ಹೆಸರು ಹೇಳಿ ಸ್ವಾಗತಿಸುವುದು, ಚಪ್ಪಾಳೆ ತಟ್ಟಿಸುವುದು. ಬರಬರುತ್ತ ಉದ್ದುದ್ದ ಪ್ರಾಸಗಳು, ಎದುರು ತಂಡವನ್ನು ಕೆಣಕುವ ಸವಾಲು ಜವಾಬು. ಅಕ್ಕಲಕೋಟೆ, ಜತ್ತದ ಕಡೆಯ ಓದುಗರಿಗೆ ಹರದೇಶಿ ನಾಗೇಶಿ ಲಾವಣಿಯವರ ಜಿದ್ದು ನೆನಪಾದರೆ, ಕಾಸರಗೋಡಿನವರಿಗೆ ತಾಳಮದ್ದಳೆಯಲ್ಲಿ ಕೂತಲ್ಲೇ ಮಾತು ಕಟ್ಟುವ ಅರ್ಥಧಾರಿ ನೆನಪಾಗಬಹುದು. ಸಂಬಂಧ ಏನೂ ಇಲ್ಲ, ಆದರೆ ಚುರುಕು ಅದೇ ಜಾತಿಯದು.

ಬ್ರಾಂಕ್ಸಿನ ಈ ಕಲಾವಿದರಿಗೆ ಇದನ್ನು ಪ್ಲೇಟು ಮಾಡಿ ಮಾರಬೇಕು ಎಂದು ಅನಿಸಿರಲಿಲ್ಲ. ಇದು ರಾತ್ರಿಯಿಡೀ ನಡೆಯುವ ಆಟ, ಎದುರಿಗೆ ಜನ ಇರಬೇಕು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನಂಥ ಹೆಸರಾಂತ ಡಿಜೆಗೂ ಮೊದಲು ಇದೇ ಅಭಿಪ್ರಾಯ. ಮುಂದೆ ಪಬ್ಲಿಕ್ ಎನಿಮಿ ತಂಡದಿಂದ ಪ್ರಸಿದ್ಧನಾದ ಚಕ್ ಡಿ ಕೂಡ, ಗಂಟೆಗಟ್ಟಲೆಯ ಆಟ ಒಂದು ಪ್ಲೇಟಿನಲ್ಲಿ ಹೇಗೆ ಹಿಡಿದೀತು ಎಂದು ತಾನು ಆಗ ಅಚ್ಚರಿಪಟ್ಟದ್ದನ್ನು ನಗುತ್ತ ಹೇಳಿಕೊಂಡಿದ್ದಾನೆ. ಹೊಳೆದದ್ದು ಹೊರಗಿನ ಒಬ್ಬ ಹೆಂಗಸಿಗೆ.

ಸಿಲ್ವಿಯಾ ರಾಬಿನ್ಸನ್

ಸಿಲ್ವಿಯಾ ಹೊಸಬರೇನಲ್ಲ. ಮಿಕ್ಕಿ ಎಂಬ ಗಿಟಾರ್ ವಾದಕನ ಜೊತೆ ಅವರು ಹಾಡಿದ ‘ಲವ್ ಈಸ್ ಸ್ಟ್ರೇಂಜ್’ 1957ರಲ್ಲಿ ಅಮೆರಿಕದ ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. 1973ರಲ್ಲಿ ಒಬ್ಬರೇ ಹಾಡಿದ ‘ಪಿಲ್ಲೋ ಟಾಕ್’ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲೇ ಮೂರನೆಯ ಸ್ಥಾನ ಮುಟ್ಟಿತ್ತು. ಗಂಡ ಜೋ ರಾಬಿನ್ಸನ್ ಜೊತೆ ಸೇರಿ ನ್ಯೂಜೆರ್ಸಿಯ ಇಂಗಲ್‌ವುಡ್‌ನಲ್ಲಿ ಆಲ್ ಪ್ಲಾಟಿನಂ ಎಂಬ ಪ್ಲೇಟು ಕಂಪನಿ ನಡೆಸುತ್ತಿದ್ದರು. 1970ರ ದಶಕದ ಕೊನೆಗೆ ಆ ಕಂಪನಿ ಸಾಲದಲ್ಲಿ ಮುಳುಗಿ ನೆಲಕಚ್ಚಿತ್ತು.

1979ರಲ್ಲಿ ನ್ಯೂಯಾರ್ಕಿನ ಹಾರ್ಲೆಂ ಭಾಗದ ‘ಹಾರ್ಲೆಂ ವರ್ಲ್ಡ್’ ಎಂಬ ಕ್ಲಬ್ಬಿಗೆ ಅವರು ಹೋಗಿದ್ದಾಗ ಲವ್‌ಬಗ್ ಸ್ಟಾರ್‌ಸ್ಕಿ ಎಂಬುವನು ಪ್ಲೇಟು ಹಾಕುತ್ತ ಮೇಲೆ ಮಾತು ಹೊಸೆಯುತ್ತಿದ್ದ. ಅವನು ಹೇಳಿದಂತೆ ಜನ ಕೈ ಎತ್ತುತ್ತಿದ್ದರು, ಕೂಗುತ್ತಿದ್ದರು. ವ್ಯಾಪಾರ ಬಲ್ಲ ಕಣ್ಣಿಗೆ ಅಷ್ಟು ಸಾಕಾಯಿತು. ಹೊಸ ಕಂಪನಿ ಕಟ್ಟಿದರು. ಹಾರ್ಲೆಂನ ಅನುಕೂಲಸ್ಥರ ಬಡಾವಣೆಯೊಂದರ ಹೆಸರನ್ನೇ ತೆಗೆದುಕೊಂಡು ‘ಶುಗರ್ ಹಿಲ್ ರೆಕಾರ್ಡ್ಸ್’ ಎಂದು ಕರೆದರು.

ಕಂಪನಿ ಇದೆ, ಹಾಡುವವರಿಲ್ಲ. ಬ್ರಾಂಕ್ಸಿನ ಪಳಗಿದ ಕಲಾವಿದರು ಯಾರೂ ಇವರ ಬಳಿ ಇರಲಿಲ್ಲ. ಮಗ ಜೋಯಿ ಊರಲ್ಲೇ ಹುಡುಕಾಡಿದ. ಇಂಗಲ್‌ವುಡ್‌ನ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆನ್ರಿ ಜಾಕ್ಸನ್ ಎಂಬ ದಢೂತಿ ಯುವಕ ಕ್ಯಾಸೆಟ್ಟು ಹಾಕಿಕೊಂಡು ಅದರ ಜೊತೆ ರ‍್ಯಾಪ್ ಹೇಳುತ್ತ ಪಿಜ್ಜಾ ಮಾಡುತ್ತಿದ್ದ. ಅಂಗಡಿಯ ಮುಂದೆ ನಿಂತ ಕಾರಿಗೆ ಅವನನ್ನು ಕರೆದು, ಹಿಟ್ಟು ಮೆತ್ತಿದ ಬಟ್ಟೆಯಲ್ಲೇ ಕೂರಿಸಿ ಪರೀಕ್ಷೆ ನಡೆಸಿದರು ಎಂಬ ಕತೆ ಪ್ರಸಿದ್ಧ. ದಾರಿಯಲ್ಲಿ ಗೈ ಓಬ್ರಿಯನ್, ಮೈಕೆಲ್ ರೈಟ್ ಎಂಬ ಇನ್ನಿಬ್ಬರು ಸೇರಿಕೊಂಡರು. ಯಾರನ್ನು ಆರಿಸುವುದೆಂದು ತೋಚದೆ ಸಿಲ್ವಿಯಾ ಮೂವರನ್ನೂ ಒಟ್ಟಿಗೆ ಹಾಕಿಬಿಟ್ಟರು. ಹೆನ್ರಿ ‘ಬಿಗ್ ಬ್ಯಾಂಕ್ ಹ್ಯಾಂಕ್’ ಆದ, ಗೈ ‘ಮಾಸ್ಟರ್ ಜೀ’ ಆದ, ಮೈಕೆಲ್ ‘ವಂಡರ್ ಮೈಕ್’ ಆದ. ಅಷ್ಟರತನಕ ಈ ಮೂವರು ಒಂದು ತಂಡವಾಗಿ ಒಂದೇ ಒಂದು ಕಾರ್ಯಕ್ರಮ ಕೊಟ್ಟವರಲ್ಲ.

ಮಟ್ಟು ಯಾರದು?

ಆ ಬೇಸಗೆಯಲ್ಲಿ ಅಮೆರಿಕದ ಕ್ಲಬ್ಬುಗಳಲ್ಲೆಲ್ಲ ಶಿಕ್ ಎಂಬ ತಂಡದ ‘ಗುಡ್ ಟೈಮ್ಸ್’ ಓಡುತ್ತಿತ್ತು. ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕಟ್ಟಿದ ಹಾಡು ಅದು. 1979ರ ಆಗಸ್ಟ್‌ನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಎಡ್ವರ್ಡ್ಸ್ ನುಡಿಸಿದ ಬೇಸ್ ಗಿಟಾರಿನ ಓಟ ಅದರ ಜೀವ. ಬೀದಿಯ ರ‍್ಯಾಪ್ ಕಲಾವಿದರೂ ಇದೇ ಪ್ಲೇಟು ಹಾಕಿಕೊಂಡು ಹೇಳುತ್ತಿದ್ದರು.

ಸಿಲ್ವಿಯಾ ಮಾಡಿದ್ದು ಇಷ್ಟೇ: ಪಾಸಿಟಿವ್ ಫೋರ್ಸ್ ಎಂಬ ತಂಡದವರನ್ನು ಸ್ಟುಡಿಯೋಕ್ಕೆ ಕರೆಸಿ ಅದೇ ಓಟವನ್ನು ಹೊಸದಾಗಿ, ನಿಲ್ಲಿಸದೆ ಕಾಲು ಗಂಟೆ ಹೊತ್ತು ನುಡಿಸಲು ಹೇಳಿದರು. ಈಗಿನ ಹಾಗೆ ತುಣುಕು ಕತ್ತರಿಸಿ ಕಂಪ್ಯೂಟರಿನಲ್ಲಿ ಸುತ್ತಿಸುವ ಸೌಲಭ್ಯ ಆಗ ಇರಲಿಲ್ಲ, ಕೈಯಲ್ಲೇ ನುಡಿಸಬೇಕು. ಅದರ ಮೇಲೆ ಮೂವರೂ ಹೇಳಿದರು.

ಕೆಲವು ದಿನದಲ್ಲೇ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ನೈಲ್ ರಾಜರ್ಸ್ ಕಿವಿಗೆ ತಮ್ಮದೇ ಮಟ್ಟು ಬಿತ್ತು, ಮೇಲೆ ಯಾರದೋ ಮಾತು. ಪ್ಲೇಟು ತೆಗೆಸಿ ನೋಡಿದರೆ ರಾಜರ್ಸ್ ಹೆಸರೂ ಇಲ್ಲ, ಎಡ್ವರ್ಡ್ಸ್ ಹೆಸರೂ ಇಲ್ಲ. ವಕೀಲರ ಮೂಲಕ ನೋಟಿಸು ಬೆದರಿಕೆ ಹೋಯಿತು. ವಿಷಯ ರಾಜಿಯಲ್ಲಿ ಮುಗಿದು, ಇಬ್ಬರ ಹೆಸರೂ ಹಾಡಿನ ಕರ್ತೃಗಳ ಜಾಗಕ್ಕೆ ಬಂತು, ಗೌರವಧನದ ಹಕ್ಕೂ ಬಂತು. ಇದು ತಮಗೆ ತುಂಬ ಇಷ್ಟವಾದ ಹಾಡುಗಳಲ್ಲಿ ಒಂದು ಎಂದು ರಾಜರ್ಸ್ ಆಮೇಲೆ ಅನೇಕ ಸಲ ಹೇಳಿದ್ದಾರೆ. ದುಡ್ಡು ಬಂದ ಮೇಲೆ ಸಿಟ್ಟು ಇಳಿಯುವುದು ಸಹಜ ಅನ್ನಿ, ಆದರೆ ಮೆಚ್ಚುಗೆ ನಿಜವಾದದ್ದೇ ಎಂದು ಕಾಣುತ್ತದೆ.

ವ್ಯಾಪಾರ ಹೇಗಿತ್ತು?

ಇಷ್ಟುದ್ದದ ಹಾಡು ಹಾಕಲು ರೇಡಿಯೋದವರು ಮೊದಲು ಹಿಂಜರಿದರು. ಹಾಗಾಗಿ ಕತ್ತರಿಸಿದ ಚಿಕ್ಕ ರೂಪಗಳೂ ತಯಾರಾದವು. ಆದರೆ ಕೇಳಿದವರು ಅಂಗಡಿಗೆ ಹೋಗಿ ಕೇಳಿದ್ದು ಪೂರ್ತಿ ಹಾಡನ್ನೇ. 1979ರ ಡಿಸೆಂಬರ್‌ನಲ್ಲಿ ಬಿಲ್‌ಬೋರ್ಡ್‌ನ ಸೋಲ್ ಸಂಗೀತದ ಪಟ್ಟಿಯಲ್ಲಿ, ಅಂದರೆ ಮುಖ್ಯವಾಗಿ ಕರಿಯ ಕೇಳುಗರ ಪಟ್ಟಿಯಲ್ಲಿ, ಇದು ನಾಲ್ಕನೆಯ ಸ್ಥಾನಕ್ಕೆ ಏರಿತು. ಎಲ್ಲರನ್ನೂ ಸೇರಿಸಿದ ನೂರರ ಪಟ್ಟಿಯಲ್ಲಿ 1980ರ ಜನವರಿಯಲ್ಲಿ ಮುಟ್ಟಿದ ಎತ್ತರ 36.

36 ಎಂದರೆ ಅಷ್ಟೇನಾ ಎಂದು ಕೇಳಬಹುದು. ಆ ಪಟ್ಟಿ ಬರೀ ಮಾರಾಟದ ಲೆಕ್ಕವಲ್ಲ, ರೇಡಿಯೋದಲ್ಲಿ ಎಷ್ಟು ಹಾಕುತ್ತಾರೆ ಎಂಬುದೂ ಸೇರಿದ ಲೆಕ್ಕ. ಬಿಳಿಯರ ಕೇಳುಗರೇ ಹೆಚ್ಚಿದ್ದ ನಿಲಯಗಳು ಇದನ್ನು ಹಾಕಿದ್ದು ಕಡಿಮೆ. ಹೊರದೇಶದಲ್ಲಿ ಆ ಅಡ್ಡಿ ಇರಲಿಲ್ಲ. ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನ, ಕೆನಡಾದಲ್ಲಿ ಮೊದಲ ಸ್ಥಾನ, ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲ ಸ್ಥಾನ. ಇಂಗ್ಲಿಷು ಮನೆಮಾತಲ್ಲದ ಡಚ್ಚರು ಮಾತೇ ಪ್ರಧಾನವಾದ ಇಂಗ್ಲಿಷ್ ಹಾಡನ್ನು ತಲೆಯ ಮೇಲೆ ಹೊತ್ತು ಕುಣಿದರು ಎಂಬುದು ಗಮನಿಸಬೇಕಾದ ಸಂಗತಿ.

ಮಾರಾಟವಾದ ಪ್ಲೇಟುಗಳ ಲೆಕ್ಕ ಹೇಳುವಾಗ ಒಬ್ಬೊಬ್ಬರದು ಒಂದೊಂದು ಸಂಖ್ಯೆ. ಅಮೆರಿಕದಲ್ಲೇ 20 ಲಕ್ಷ ಎನ್ನುವವರಿದ್ದಾರೆ, ಜಗತ್ತಿನಾದ್ಯಂತ ಅದರ ಹಲವು ಪಟ್ಟು ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಇಂತಿಷ್ಟು ಮಾರಿದರೆ ಚಿನ್ನದ ಪ್ಲೇಟು ಎಂದು ಪ್ರಮಾಣಪತ್ರ ಕೊಡುವ ಕಂಪನಿಗಳ ಸಂಘವೊಂದಿದೆ. ಶುಗರ್ ಹಿಲ್ ಆ ಸಂಘದ ಸದಸ್ಯ ಆಗಿರಲಿಲ್ಲ. ಹಾಗಾಗಿ ಇಷ್ಟೆಲ್ಲ ಮಾರಿದ ಹಾಡಿಗೆ ಚಿನ್ನದ ಪ್ರಮಾಣಪತ್ರ ದಕ್ಕಲಿಲ್ಲ. ಆ ಗೌರವ ಪಡೆದ ಮೊದಲ ರ‍್ಯಾಪ್ ಹಾಡು ಕರ್ಟಿಸ್ ಬ್ಲೋ ಎಂಬುವನ ‘ದಿ ಬ್ರೇಕ್ಸ್’, 1980ರದು. ಅದು ನೂರರ ಪಟ್ಟಿಯಲ್ಲಿ 87ನೆಯ ಸ್ಥಾನ ದಾಟಿರಲಿಲ್ಲ. ದೊಡ್ಡ ಕಂಪನಿಯ ಹಾಡಿಗೆ ಕಾಗದಪತ್ರ ಸರಿಯಾಗಿತ್ತು, ಅಷ್ಟೇ ವ್ಯತ್ಯಾಸ.

ಯಾರದೋ ನೋಟ್‌ಬುಕ್ಕು

ಈಗ ಮಾತಿನ ವಿಷಯ. ಪಿಜ್ಜಾ ಅಂಗಡಿಯ ಹ್ಯಾಂಕ್ ಸ್ವತಃ ರ‍್ಯಾಪ್ ಕಟ್ಟುವವನಾಗಿರಲಿಲ್ಲ. ಬ್ರಾಂಕ್ಸ್‌ನಲ್ಲಿ ಕ್ಲಬ್ಬಿನ ಬಾಗಿಲು ಕಾಯುತ್ತಿದ್ದವನು. ಕರ್ಟಿಸ್ ಫಿಷರ್ ಎಂಬ ಪ್ರತಿಭಾವಂತ ಕಲಾವಿದನ ತಂಡಕ್ಕೆ ಮ್ಯಾನೇಜರ್ ಆಗಿ ಓಡಾಡುತ್ತಿದ್ದವನು. ಫಿಷರನ ವೇದಿಕೆಯ ಹೆಸರು ಮೊದಲು ಕ್ಯಾಸನೋವಾ ಫ್ಲೈ, ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್. ಕೋಲ್ಡ್ ಕ್ರಷ್ ಬ್ರದರ್ಸ್ ಎಂಬ ಹೆಸರಾಂತ ತಂಡದ ಮುಖ್ಯಸ್ಥ. ತಂಡದ ಮೈಕು, ಸ್ಪೀಕರು ಕೊಳ್ಳಲು ಮಾಡಿದ ಸಾಲ ತೀರಿಸಲೆಂದೇ ಹ್ಯಾಂಕ್ ಪಿಜ್ಜಾ ಕೆಲಸ ಹಿಡಿದಿದ್ದ. ಅಂಗಡಿಯಲ್ಲಿ ಅವನು ಹಾಕಿಕೊಳ್ಳುತ್ತಿದ್ದ ಕ್ಯಾಸೆಟ್ಟು ಕೂಡ ಕ್ಯಾಝ್‌ನದೇ.

ಸಿಲ್ವಿಯಾ ಅವಕಾಶ ಕೊಟ್ಟ ಮೇಲೆ ಹ್ಯಾಂಕ್ ನೇರ ಕ್ಯಾಝ್ ಬಳಿ ಹೋದ. ಕ್ಯಾಝ್ ಹೇಳುವ ಪ್ರಕಾರ, ತನ್ನ ಪ್ರಾಸಗಳ ನೋಟ್‌ಬುಕ್ಕನ್ನೇ ಅವನ ಮುಂದಿಟ್ಟು ಬೇಕಾದ್ದು ತಗೋ ಎಂದ. ಸ್ನೇಹಿತನಿಗೆ ಒಳ್ಳೆಯದಾದರೆ ತನಗೂ ಆಗುತ್ತದೆ ಎಂಬ ನಂಬಿಕೆ. ಕೈಬರಹದ ಚೀಟಿ ಇಲ್ಲ, ಸಾಕ್ಷಿ ಇಲ್ಲ, ಇಷ್ಟು ಕೊಡುತ್ತೇನೆ ಎಂಬ ಮಾತೂ ಇಲ್ಲ. ಪ್ಲೇಟು ಲಕ್ಷಗಟ್ಟಲೆ ಮಾರಿತು. ಕ್ಯಾಝ್‌ಗೆ ಪಾಲು ಬರಲಿಲ್ಲ, ಪ್ಲೇಟಿನ ಮೇಲೆ ಹೆಸರೂ ಬರಲಿಲ್ಲ.

ಕದ್ದದ್ದು ಎಂದು ಹೇಗೆ ಗೊತ್ತು ಎನ್ನುವವರಿಗೆ ಹಾಡಿನೊಳಗೇ ಪುರಾವೆ ಇದೆ. ಹ್ಯಾಂಕ್ ಬಾಯಿಪಾಠ ಮಾಡಿದ್ದನ್ನು ಎಷ್ಟು ಅಕ್ಷರಶಃ ಹೇಳಿದನೆಂದರೆ, ತನ್ನನ್ನು ಪರಿಚಯಿಸಿಕೊಳ್ಳುವ ಜಾಗದಲ್ಲಿ ಕ್ಯಾಸನೋವಾ ಫ್ಲೈ ಎಂಬ ಹೆಸರಿನ ಕಾಗುಣಿತವನ್ನೇ ಒಂದೊಂದು ಅಕ್ಷರವಾಗಿ ಬಿಡಿಸಿ ಹೇಳಿಬಿಟ್ಟ! ಲೋಯಿಸ್ ಲೇನ್ ಪ್ರಸಂಗವೂ ಕ್ಯಾಝ್‌ನದೇ.

ನಮ್ಮ ವಚನಕಾರರು, ದಾಸರು ಹಾಡಿನ ಕೊನೆಗೆ ಅಂಕಿತ ಇಡುವುದು ನಿಮಗೆ ಗೊತ್ತೇ ಇದೆ. ಪುರಂದರ ವಿಠಲ ಎಂದು ಬಂದರೆ, ಯಾರೇ ಹಾಡಲಿ, ಹಾಡು ಪುರಂದರದಾಸರದು. ಓದು ಬಾರದವನಿಗೂ ಅದು ಗೊತ್ತಾಗುತ್ತದೆ. ಕ್ಯಾಝ್ ತನ್ನ ಹೆಸರನ್ನು ಪ್ರಾಸದಲ್ಲಿ ಹೊಸೆದದ್ದೂ ಒಂದು ಬಗೆಯ ಅಂಕಿತವೇ. ಬ್ರಾಂಕ್ಸಿನ ಬೀದಿಯಲ್ಲಿ ಅದು ನಡೆಯುತ್ತಿತ್ತು, ಯಾರ ಪ್ರಾಸ ಯಾರದೆಂದು ಅಲ್ಲಿ ಎಲ್ಲರಿಗೂ ತಿಳಿದಿತ್ತು. ಮತ್ತೊಬ್ಬರ ಪ್ರಾಸ ಹೇಳುವವನಿಗೆ ಅಲ್ಲಿ ಮರ್ಯಾದೆ ಇರಲಿಲ್ಲ. ಪ್ಲೇಟು ಕೊಂಡ ಲಕ್ಷಾಂತರ ಜನರಿಗೆ ಮಾತ್ರ ಆ ಅಕ್ಷರಗಳು ಬರೀ ಸದ್ದು.

ಕೋರ್ಟಿಗೆ ಹೋಗಬಹುದಿತ್ತಲ್ಲ? ಕಾನೂನಿನ ಪುಸ್ತಕದ ಪ್ರಕಾರ ಹಕ್ಕು ಇತ್ತು. 1978ರ ಜನವರಿಯಿಂದ ಜಾರಿಗೆ ಬಂದ ಅಮೆರಿಕದ ಕೃತಿಸ್ವಾಮ್ಯ ಕಾನೂನು, ಕಾಗದದ ಮೇಲೆ ಬರೆದ ಕ್ಷಣದಿಂದಲೇ ಬರೆದವನಿಗೆ ಹಕ್ಕು ಎನ್ನುತ್ತದೆ. ಆದರೆ ಅಮೆರಿಕದ ಪ್ರಜೆ ದಾವೆ ಹೂಡಬೇಕಾದರೆ ನೋಂದಣಿ ಬೇಕು, ಮೂರು ವರ್ಷದ ಗಡುವೂ ಉಂಟು, ಎಲ್ಲಕ್ಕಿಂತ ಮೊದಲು ವಕೀಲರಿಗೆ ಕೊಡಲು ಹಣ ಬೇಕು. ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಶಿಕ್ ತಂಡಕ್ಕೆ ಇವೆಲ್ಲ ಇತ್ತು. ಬೀದಿಯ ಆಟದಲ್ಲಿ ಬೆಳೆದ ಹುಡುಗನಿಗೆ ಇದು ದಾವೆ ಹೂಡುವ ವಿಷಯ ಎಂದು ಅರ್ಥವಾಗುವ ಹೊತ್ತಿಗೆ ಕಾಲ ಮೀರಿತ್ತು.

ಜಾತ್ರೆಗೆ, ಭಜನೆಗೆ, ಕ್ಯಾಸೆಟ್ಟಿಗೆ ಪದ ಬರೆದುಕೊಡುವವರು ನಮ್ಮ ಗಡಿ ಊರುಗಳಲ್ಲೂ ಇದ್ದಾರೆ. ಅವರ ಗಮನಕ್ಕೆ ಒಂದು ಮಾತು: ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ, ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಮಾತ್ರ ಬರಹದಲ್ಲೇ ಆಗಬೇಕು. ಸಿನಿಮಾ ಹಾಡಿನ ಸಾಹಿತಿ, ಸಂಗೀತಗಾರರಿಗೆ ಗೌರವಧನದ ಪಾಲು ತಪ್ಪಬಾರದು ಎಂದು 2012ರಲ್ಲಿ ತಿದ್ದುಪಡಿಯೂ ಬಂದಿದೆ. ಬರೆದುಕೊಟ್ಟ ಪದದ ಒಂದು ಪ್ರತಿ, ತಾರೀಕು ಹಾಕಿ, ಮನೆಯಲ್ಲಿ ಇಟ್ಟುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಅರ್ಥವಾಗದವರೂ ಹಾಡಿದರು

ಈ ಹಾಡು ಭಾಷೆಯ ಗಡಿ ದಾಟಿದ ಬಗೆ ಇನ್ನೊಂದು ತಮಾಷೆ. 1980ರಲ್ಲಿ ಜರ್ಮನಿಯ ಮೂವರು ರೇಡಿಯೋ ನಿರೂಪಕರು ಇದನ್ನು ಅಣಕಿಸಿ ‘ರ‍್ಯಾಪರ್ಸ್ ಡಾಯ್ಚ್’ ಎಂದು ಹಾಡಿದರು. ನಗೆಗೆಂದು ಮಾಡಿದ ಆ ಹಾಡೇ ಜರ್ಮನ್ ಭಾಷೆಯ ಮೊದಲ ರ‍್ಯಾಪ್ ಎಂದು ಎಣಿಕೆಗೆ ಬಂತು. ಬ್ರೆಜಿಲ್‌ನಲ್ಲೂ ಅದೇ ವರ್ಷ ಪೋರ್ಚುಗೀಸ್ ಭಾಷೆಯಲ್ಲಿ ಒಂದು ಅಣಕು ಬಂತು.

2002ರಲ್ಲಿ ಸ್ಪೇನ್ ದೇಶದ ಅಕ್ಕತಂಗಿಯರ ತಂಡ ಲಾಸ್ ಕೆಚಪ್ ಹಾಡಿದ ‘ಅಸೆರೆಹೆ’, ಅಂದರೆ ‘ಕೆಚಪ್ ಸಾಂಗ್’, ನೆನಪಿದೆಯೆ? ಕೈ ಮೇಲೆ ಕೈ ತಿರುಗಿಸಿ ಕುಣಿಯುವ ಹಾಡು, ಬ್ರಿಟನ್ ಸೇರಿ ಯುರೋಪಿನ ಅನೇಕ ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. ಅದರ ಪಲ್ಲವಿ ಯಾವ ಭಾಷೆಯೂ ಅಲ್ಲ. ಇಂಗ್ಲಿಷ್ ಬಾರದ ಡಿಯೆಗೋ ಎಂಬ ಯುವಕ ಡಿಸ್ಕೋಕ್ಕೆ ಹೋಗುತ್ತಾನೆ, ಅವನಿಗೆ ಪ್ರಾಣವಾದ ಹಾಡನ್ನು ಡಿಜೆ ಹಾಕುತ್ತಾನೆ, ಇವನು ಕಿವಿಗೆ ಬಿದ್ದಂತೆ ಅದನ್ನು ಹಾಡಿಕೊಳ್ಳುತ್ತಾನೆ. ಆ ಪ್ರಾಣದ ಹಾಡು ‘ರ‍್ಯಾಪರ್ಸ್ ಡಿಲೈಟ್’. ಅದರ ಮೊದಲ ಸಾಲುಗಳನ್ನು ಸ್ಪ್ಯಾನಿಷ್ ಕಿವಿ ಕೇಳಿಸಿಕೊಂಡ ರೀತಿಯೇ ಆ ಪಲ್ಲವಿ. ಹಿಂದಿ ಬಾರದ ಕಾಲದಲ್ಲಿ ಬಿನಾಕಾ ಗೀತಮಾಲಾ ಕೇಳಿ ತೋಚಿದಂತೆ ಹಾಡಿಕೊಂಡವರು ನಮ್ಮ ಕಡೆ ಎಷ್ಟು ಜನ ಇಲ್ಲ! ಡಿಯೆಗೋ ನಮ್ಮವನೇ.

ಭಾರತಕ್ಕೆ ರ‍್ಯಾಪ್ ಬಂದದ್ದು ತಡವಾಗಿ, ಅದೂ ಇದೇ ದಾರಿಯಲ್ಲಿ. 1992ರಲ್ಲಿ ಬಾಬಾ ಸೆಹಗಲ್ ಹಾಡಿದ ‘ಠಂಡಾ ಠಂಡಾ ಪಾನಿ’ಯ ತಾಳ ಅಮೆರಿಕದ ವೆನಿಲ್ಲಾ ಐಸ್‌ನ 1990ರ ಹಾಡಿನದು. ಅವನು ತೆಗೆದುಕೊಂಡದ್ದು ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಸೇರಿ ಮಾಡಿದ 1981ರ ಹಾಡಿನಿಂದ. 1994ರ ‘ಕಾದಲನ್’ ಚಿತ್ರದಲ್ಲಿ ಎ.ಆರ್. ರೆಹಮಾನ್ ಸಂಗೀತದ ‘ಪೇಟ್ಟೆ ರ‍್ಯಾಪ್’ ತಾಳವಾಡಿ, ಹೊಸೂರಿನವರಿಗೆ ತಮಿಳಿನಲ್ಲೂ, ಆದೋನಿ, ಮಡಕಶಿರಾ ಕಡೆಯವರಿಗೆ ‘ಪ್ರೇಮಿಕುಡು’ ಎಂಬ ಡಬ್ಬಿಂಗ್‌ನಲ್ಲಿ ತೆಲುಗಿನಲ್ಲೂ ಪರಿಚಯ. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರ ಕಾಲ ಬಂದದ್ದು ಇನ್ನೂ ಆಮೇಲೆ. ತಮಾಷೆ, ಜಂಬ, ಊಟ ಕುಡಿತದ ಮಾತು, ಇವು ಎಲ್ಲ ಭಾಷೆಯಲ್ಲೂ ಮೊದಲು ಓಡುವ ಸರಕು ಎಂಬುದಕ್ಕೆ 1979ರಷ್ಟು ಹಳೆಯ ಆಧಾರ ಇದೆ.

ಆಮೇಲೆ ಏನಾಯಿತು?

ಶುಗರ್‌ಹಿಲ್ ಗ್ಯಾಂಗ್ ಮತ್ತೆ ಆ ಎತ್ತರ ಮುಟ್ಟಲಿಲ್ಲ. ‘ಏಯ್ತ್ ವಂಡರ್’ ನೂರರ ಪಟ್ಟಿಯಲ್ಲಿ 82ಕ್ಕೆ ನಿಂತಿತು, 1981ರ ‘ಅಪಾಚೆ’ 53ಕ್ಕೆ. ಕಂಪನಿಗೆ ಮಾತ್ರ ಕೆಲವು ವರ್ಷ ಸುಗ್ಗಿ. ಪ್ಲೇಟು ಮಾಡಲು ಮನಸ್ಸಿಲ್ಲ ಎನ್ನುತ್ತಿದ್ದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡವೂ ಅಲ್ಲಿಗೇ ಬಂತು. 1982ರಲ್ಲಿ ಆ ತಂಡದ ಹೆಸರಿನಲ್ಲಿ ಬಂದ ‘ದಿ ಮೆಸೇಜ್’ ಬಡ ಬಡಾವಣೆಯ ಬದುಕನ್ನು ನೇರವಾಗಿ ಹೇಳಿತು. ರ‍್ಯಾಪ್ ಎಂದರೆ ಬರೀ ತಮಾಷೆ ಎಂಬ ಭಾವನೆ ಅಲ್ಲಿಂದ ಬದಲಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಉಳಿಸಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ‘ದಿ ಮೆಸೇಜ್’ ಅನ್ನು 2002ರಲ್ಲೇ ಸೇರಿಸಿತು. ‘ರ‍್ಯಾಪರ್ಸ್ ಡಿಲೈಟ್’ ಸೇರಿದ್ದು 2011ರ ಪಟ್ಟಿಯಲ್ಲಿ. ಸಿಲ್ವಿಯಾ ರಾಬಿನ್ಸನ್ 2011ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 2022ರಲ್ಲಿ ಅವರ ಹೆಸರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿತು. ಶುಗರ್ ಹಿಲ್ ಕಂಪನಿ 1980ರ ದಶಕದ ನಡುವಿನಲ್ಲೇ ಮುಚ್ಚಿತ್ತು.

ಹಾಡಿದ ಹುಡುಗರಿಗೂ ಸುಖ ಸಿಗಲಿಲ್ಲ. ತಂಡದ ಹೆಸರಿನ ಹಕ್ಕು ರಾಬಿನ್ಸನ್ ಕುಟುಂಬದ ಕೈಯಲ್ಲಿತ್ತು. ಮಗ ಜೋಯಿ ತಾನೇ ‘ಮಾಸ್ಟರ್ ಜೀ’ ಎಂದು ಹೆಸರಿಟ್ಟುಕೊಂಡು ವೇದಿಕೆ ಹತ್ತತೊಡಗಿದ. ನಿಜವಾದ ಮಾಸ್ಟರ್ ಜೀ ಮತ್ತು ವಂಡರ್ ಮೈಕ್ ತಮ್ಮದೇ ಹೆಸರು ತಮಗೆ ಕೊಡಿ ಎಂದು ಕೋರ್ಟು ಅಲೆಯಬೇಕಾಯಿತು. 2011ರಲ್ಲಿ ಈ ಜಗಳದ ಬಗ್ಗೆಯೇ ‘ಐ ವಾಂಟ್ ಮೈ ನೇಮ್ ಬ್ಯಾಕ್’ ಎಂಬ ಸಾಕ್ಷ್ಯಚಿತ್ರ ಬಂತು. ಇನ್ನೊಬ್ಬನ ಹೆಸರಿನ ಅಕ್ಷರ ಬಿಡಿಸಿ ಹೇಳಿ ಶುರುವಾದ ತಂಡದ ಬಾಳು ಹೆಸರಿನ ಜಗಳಕ್ಕೇ ಬಂದು ನಿಂತಿತು. ಬಿಗ್ ಬ್ಯಾಂಕ್ ಹ್ಯಾಂಕ್ 2014ರ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಜೋಯಿ 2015ರಲ್ಲಿ ಹೋದ. ಉಳಿದಿಬ್ಬರು ಆಮೇಲೆ ಶುಗರ್‌ಹಿಲ್ ಗ್ಯಾಂಗ್ ಹೆಸರಿನಲ್ಲೇ ಕಾರ್ಯಕ್ರಮ ಕೊಟ್ಟರು.

ಇತ್ತ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಹಾಡುವುದು ಬಿಡಲಿಲ್ಲ. 2000ದಲ್ಲಿ ‘ಎಂ.ಸಿ. ಡಿಲೈಟ್’ ಎಂಬ ಹಾಡಿನಲ್ಲಿ ನಡೆದ ಕತೆಯನ್ನೆಲ್ಲ ಪ್ರಾಸದಲ್ಲೇ ಹೇಳಿದ. 2015ರಲ್ಲಿ ಮ್ಯಾಕಲ್‌ಮೋರ್‌ನ ‘ಡೌನ್‌ಟೌನ್’ ಹಾಡಿನಲ್ಲಿ ಮೆಲ್ಲಿ ಮೆಲ್ ಮತ್ತು ಕೂಲ್ ಮೋ ಡೀ ಜೊತೆ ಅವನ ದನಿಯೂ ಇದೆ, ಹೆಸರೂ ಇದೆ. ನ್ಯೂಯಾರ್ಕಿಗೆ ಬಂದ ಪ್ರವಾಸಿಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹಿಪ್ ಹಾಪ್ ಹುಟ್ಟಿದ ಬೀದಿಗಳನ್ನು ತೋರಿಸುವ ಮಾರ್ಗದರ್ಶಿಯಾಗಿಯೂ ಅವನು ದುಡಿದಿದ್ದಾನೆ.